ಕೊಕ್ಕೆಯಲ್ಲಿದ್ದ ಎರಡು ಬಿಲ್ಲೆ

ಸ್ಥಾವರದ ಊಟದ ಕೋಣೆಯಿಂದ
ಶುಕ್ರವಾರ, ಮಾರ್ಚ್ 14

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ತಂಗಿಯ ಮನೆಯ ಮೆಟ್ಟಿಲು ಹತ್ತಿ ಇಳಿದು ಇನ್ನಷ್ಟು ಕೆಡಿಸಿಕೊಳ್ಳಬೇಡಿ. ಮೊಮ್ಮಗಳು ಅಳು ನಿಲ್ಲಿಸಿದಳೇ, ಇಲ್ಲ ನಿಮ್ಮ ಹಾಡು ಕೇಳಿ ಜಾಸ್ತಿ ಮಾಡಿದಳೇ? ಅಮ್ಮ ಚೆನ್ನಾಗಿದ್ದಾಳೆ. ನೀವಿಲ್ಲದೆ ಮನೆಯ ಬೀಗ ಮೂರು ಸಲ ಎಳೆದು ನೋಡುವವರೇ ಇಲ್ಲ ಅಂತ ನಗುತ್ತಾಳೆ, ಆಮೇಲೆ ತಾನೇ ಹೋಗಿ ಎಳೆದು ನೋಡುತ್ತಾಳೆ. ಫೋನ್ ಇರುವಾಗ ಇವಳದೇನು ಕಾಗದ ಅಂತ ಹುಬ್ಬೇರಿಸಬೇಡಿ. ಫೋನಿನಲ್ಲಾದರೆ ನೀವು ಅರ್ಧಕ್ಕೇ ಬಾಯಿ ಹಾಕುತ್ತೀರಿ. ಇದನ್ನು ಪೂರ್ತಿ ಓದಬೇಕು.

ಮೊದಲೇ ಹೇಳಿಬಿಡುತ್ತೇನೆ, ನಾನು ಗುಂಡುಕಲ್ಲಿನ ಹಾಗಿದ್ದೇನೆ. ಮೈಗೆ ವಿಕಿರಣ ತಾಗಿಲ್ಲ ಅಂತ ತಪಾಸಣೆಯೂ ಆಯಿತು. ಆದರೆ ಮಂಗಳವಾರ ಕೂದಲೆಳೆಯಲ್ಲಿ ಪಾರಾದೆ. ವಿಕಿರಣದಿಂದ ಕ್ರಿಮಿ ಕೊಂದು ಆಸ್ಪತ್ರೆಗಳಿಗೆ ಕಳಿಸುವ ಸಿರಿಂಜುಗಳ ಪೆಟ್ಟಿಗೆಯೊಂದು ಒಳಕೋಣೆಯಲ್ಲಿ ಸಿಕ್ಕಿಕೊಂಡಿತ್ತು. ವಿಕಿರಣದ ಸರಳುಗಳನ್ನು ನೀರಿನ ಬಾವಿಗೆ ಇಳಿಸಿ, ಮೀಟರು ಹಿಡಿದು ನಾನೂ ಮೆಕ್ಯಾನಿಕ್ಕೂ ಒಳಗೆ ಹೋದೆವು. ಬಾಗಿಲಿಗೂ ಸರಳು ಎತ್ತುವ ಯಂತ್ರಕ್ಕೂ ಇರುವುದು ಒಂದೇ ಕೀಲಿ, ಅದು ಒಳಗೆ ಹೋದವರ ಜೇಬಿನಲ್ಲಿರುವವರೆಗೆ ಸರಳು ಮೇಲೇಳುವುದಿಲ್ಲ. ನನಗೆ ಕೆಲಸ ಕಲಿಸಿದ ಮೊದಲ ದಿನವೇ ನೀವು ಹೇಳಿದ್ದಿರಿ: "ಅದು ಕೀಲಿ ಅಲ್ಲ ಮಗಳೇ, ನಿನ್ನ ಪ್ರಾಣ ಜೇಬಲ್ಲಿದೆ ಅಂದ್ಕೊ." ಹಾಗಾಗಿ ಹಿಂದೆ ಬಾಗಿಲು ಮುಚ್ಚಿಕೊಂಡಾಗ ನಾನು ತಿರುಗಿಯೂ ನೋಡಲಿಲ್ಲ.

ಅಷ್ಟರಲ್ಲಿ ಪಾಳಿ ಬದಲಾಗಿ ಕೆಮ್ಮಪ್ಪ ಯಂತ್ರದ ಮುಂದೆ ಬಂದು ಕೂತಿದ್ದಾನೆ. ನಿಮ್ಮ ಶಿಷ್ಯನೇ, ಈಗಲೂ ಮಾತಿಗೆ ಮುಂಚೆ ಕೆಮ್ಮಬೇಕು ಅವನಿಗೆ. ನಾನು ಕೀಲಿ ಸಮೇತ ಊಟಕ್ಕೆ ಹೋಗಿದ್ದೇನೆ ಅಂದುಕೊಂಡನಂತೆ. ಅವನ ಬೆನ್ನ ಹಿಂದೆ ನಿಂತು ಮ್ಯಾನೇಜರು ಕಾಲ ಮೇಲೆ ಬಿಸಿನೀರು ಸುರಿದುಕೊಂಡವರ ಹಾಗೆ ಅವಸರ ಮಾಡುತ್ತಿದ್ದರು. ಇವನು ಮೇಜಿನ ಕೆಳಖಾನೆ ತಡಕಾಡಿದಾಗ ಹಳೆಯ ಬಲ್ಬುಗಳ ಅಡಿಯಲ್ಲಿ ಇನ್ನೊಂದು ಕೀಲಿ ಸಿಕ್ಕಿತು. ಯಂತ್ರಕ್ಕೆ ಹಾಕಿದ, ಸರಿಯಾಗಿ ಕೂತಿತು. ತಿರುಗಿಸುವುದೊಂದೇ ಬಾಕಿ.

ಒಳಗೆ ಹೋಗುವವರು ತಮ್ಮ ತಗಡಿನ ಬಿಲ್ಲೆಯನ್ನು ಗೋಡೆಯ ಕೊಕ್ಕೆಗೆ ಹಾಕಿ ಹೋಗಬೇಕು, ಕೀಲಿ ತಿರುಗಿಸುವವನು ಮೊದಲು ಬಿಲ್ಲೆಗಳನ್ನು ಬಾಯಿಬಿಟ್ಟು ಎಣಿಸಬೇಕು ಅನ್ನುವುದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ. ಅದು ನೀವು ಹಾಕಿಕೊಟ್ಟ ಪದ್ಧತಿ. ಮಕ್ಕಳಾಟ ಅಂತ ಮ್ಯಾನೇಜರು ಎಷ್ಟು ಸಲ ನಕ್ಕಿಲ್ಲ! ಕೆಮ್ಮಪ್ಪ ಎಣಿಸಿದ. ಎರಡು ಬಿಲ್ಲೆ. ಕೈ ಹಿಂದಕ್ಕೆ ತೆಗೆದು, ಜೀವನದಲ್ಲಿ ಮೊದಲ ಸಲ ಕೆಮ್ಮದೆಯೇ ಹೇಳಿದನಂತೆ: "ಸಾರ್, ಒಳಗೆ ಜನ ಇದಾರೆ." ನಾನು ಹೊರಗೆ ಬಂದಾಗ ನೆಲದ ಮೇಲೆ ಕೂತಿದ್ದ. ನನ್ನ ಜೇಬಿನಲ್ಲಿ ಒಂದು ಕೀಲಿ, ಯಂತ್ರದಲ್ಲಿ ಇನ್ನೊಂದು.

ಆಗಲೇ ಬಾಗಿಲಿಗೆ ಕೆಂಪು ಪಟ್ಟಿ ಕಟ್ಟಿ ಕೆಲಸ ನಿಲ್ಲಿಸಿದೆ. ಮ್ಯಾನೇಜರು ಹಾರಾಡಿದರು. ಎರಡನೆಯ ಕೀಲಿ ಮೇಲಿನವರ ವಶಕ್ಕೆ ಕೊಟ್ಟಾಯಿತಲ್ಲ, ಇನ್ನೇನು ಅಂದರು. ಮೂರನೆಯದು ಇಲ್ಲ ಅಂತ ಯಾರು ಹೇಳಬೇಕು ಅಂತ ಕೇಳಿದೆ. ಬಾಗಿಲು ಕಾಯುವವಳು ನಾನು, ನನ್ನ ಮನಸ್ಸಿಗೆ ಒಪ್ಪದೆ ಅದು ತೆರೆಯುವುದಿಲ್ಲ. ಬೇಜಾರೆಂದರೆ, ಕೀಲಿ ಮಾಡಿಸಿದ್ದು ಕೆಮ್ಮಪ್ಪನೇ ಅಂತ ಅವರು ಹೇಳಿಕೊಂಡು ಓಡಾಡುತ್ತಿದ್ದಾರೆ. ಮುಂದಿನ ಶುಕ್ರವಾರ ವಿಚಾರಣೆ. ನನ್ನ ಜೀವ ಉಳಿಸಿದವನ ಕೆಲಸವೇ ಹೋಗುವ ಹಾಗಿದೆ. ಗೇಟಿನ ಬಳಿ ನಿಮ್ಮ ಫೋಟೋ ಹಾಗೆಯೇ ಇದೆ, 'ಮೂವತ್ತು ವರ್ಷ, ಒಂದೂ ಅವಘಡವಿಲ್ಲ' ಅನ್ನುವ ಸಾಲೂ ಇದೆ. ದಿನಾ ಅದರ ಮುಂದೆಯೇ ಒಳಗೆ ಬರುತ್ತೇನೆ.

ಪುಟ್ಟಿಯ ಕೆನ್ನೆಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡಿ, ಮೀಸೆ ಚುಚ್ಚದ ಹಾಗೆ. ತಂಗಿಗೂ ಅವಳ ಗಂಡನಿಗೂ ಕೇಳಿದೆನೆಂದು ಹೇಳಿ. ನಿಮ್ಮ ಪಾದಕ್ಕೆ ನಮಸ್ಕಾರ.

ನಿಮ್ಮ ಹಿರಿಮಗಳು

ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡೆ. ಆ ಕೀಲಿಗೆ ಒಂದು ಚೀಟಿ ಕಟ್ಟಿತ್ತು, 'ಅವಸರಕ್ಕೆ ಇರಲಿ' ಅಂತ. ನನ್ನ ಶಾಲೆಯ ಪುಸ್ತಕಗಳ ಮೇಲೆಲ್ಲ ಹೆಸರು ಬರೆದುಕೊಟ್ಟ ಕೈ ನನಗೆ ಗೊತ್ತಾಗದೆ ಇರುತ್ತದೆಯೇ ಅಪ್ಪಾ? ಹಿಂದೊಮ್ಮೆ ಕೀಲಿ ಬಾವಿಗೆ ಬಿದ್ದು ಎರಡು ದಿನ ಕೆಲಸ ನಿಂತು ನೀವು ಬೈಸಿಕೊಂಡಿರಲ್ಲ, ಆಗ ಹೆದರಿ ಮಾಡಿಸಿರುತ್ತೀರಿ, ಆಮೇಲೆ ಮರೆತಿರುತ್ತೀರಿ. ಅಕ್ಷರ ನಮ್ಮಪ್ಪನದು ಅಂತ ಮೇಲಿನವರಿಗೆ ನಿನ್ನೆಯೇ ಬರೆದುಕೊಟ್ಟೆ. ಸಿಟ್ಟು ಬಂದರೆ ಬರಲಿ. ಶುಕ್ರವಾರದೊಳಗೆ ಬಂದು ನಿಮ್ಮ ಬಾಯಲ್ಲೇ ಹೇಳಿ. ಮೂರನೆಯದು ಇದ್ದರೆ ಅದನ್ನೂ ತನ್ನಿ.