ಅಪ್ಪನ ಎಲೆ

ಜುಲೈ 28, ಸೋಮವಾರ

ಇವತ್ತು ನಾನು ಗೆದ್ದೆ. ಜಂಬ ಅನಿಸಿದರೆ ಅನಿಸಲಿ.

ಅಣ್ಣ ತೀರಿಕೊಂಡಾಗ ಅಮ್ಮ ಅವನ ಮಗಳು ಸುರಕ್ಷಾಳಿಗೆ, "ಅಪ್ಪ ವಾಪಸ್ ದುಬೈಗೆ ಹೋದರು" ಎಂದುಬಿಟ್ಟಿದ್ದರು. ಪ್ರತಿ ರಜೆ ಮುಗಿದಾಗಲೂ ಹೋಗುತ್ತಿದ್ದವನು, ಮಗು ನಂಬಿತು. ಆಮೇಲೆ ಫೋನಿಗೆ ಕಾದು ಕಾದು ಮಂಕಾಯಿತು. ನಾಳೆ ಆಟಿ ತಿಂಗಳ ಪದ್ಧತಿಯಂತೆ ತೀರಿಹೋದವರಿಗೆ ಎಲೆ ಹಾಕಿ ಕೋಳಿ ಊಟ ಬಡಿಸಬೇಕು. ಆ ಹೊತ್ತಿಗೆ ಅವಳನ್ನು ಪಕ್ಕದ ಮನೆಗೆ ಕಳಿಸುವ ಎಂದರು ಅಮ್ಮ. ನನಗೆ ರೇಗಿಹೋಯಿತು.

ಸಂಜೆ ಗುರುವಾಯನಕೆರೆಯಿಂದ ತಂದ ಚಿತ್ರಪುಸ್ತಕವನ್ನು ಸುರಕ್ಷಾಳ ಮುಂದೆ ತೆರೆದೆ. ಮರದಡಿಯಲ್ಲಿ ಸತ್ತುಬಿದ್ದ ಗುಬ್ಬಿ, ಪಕ್ಕದಲ್ಲಿ ಸುಮ್ಮನೆ ಕೂತ ಅಳಿಲು. ಸುರಕ್ಷಾ ಗುಬ್ಬಿಯ ಮೇಲೆ ಬೆರಳಿಟ್ಟಳು.

"ಇದು ಇನ್ನು ಏಳುವುದಿಲ್ವಾ ಅತ್ತೆ?"

"ಇಲ್ಲ ಮಗಾ, ಸತ್ತಿದೆ."

"ಅಪ್ಪನೂ ಸತ್ತದ್ದಾ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತಿದ್ದ ಅತ್ತಿಗೆ ಹೇಳಿದಳು, "ಹೌದು."

"ಹಾಗಾದ್ರೆ ಫೋನ್ ಮಾಡದ್ದು ನನ್ನ ಮೇಲಿನ ಸಿಟ್ಟಿಗೆ ಅಲ್ವಾ?"

ಇಷ್ಟು ದಿನ ಈ ಮಗು ಇದನ್ನು ಹೊತ್ತು ತಿರುಗುತ್ತಿತ್ತು. ತಾಯಿ ಮಗಳು ತಬ್ಬಿಕೊಂಡು ಅತ್ತರು, ಕೊನೆಗೂ ಒಟ್ಟಿಗೆ. ಅಮ್ಮ ಬಾಗಿಲಲ್ಲೇ ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಊಟದ ಹೊತ್ತಿಗೆ ನಾಳೆಯ ಎಲೆಯ ವಿಷಯ ಅವಳಿಗೆ ತಾವೇ ಹೇಳಿದರು.

ಸುರಕ್ಷಾ ಸ್ವಲ್ಪ ಯೋಚಿಸಿದಳು. "ಅಜ್ಜಿ, ಕೋಳಿಯ ಕಾಲು ಅಪ್ಪನಿಗೆ. ನಾನೇ ಬಡಿಸ್ತೇನೆ."

ಕಣ್ಣು ಎಳೆಯುತ್ತಿದೆ, ಆದರೂ ನಗು ಬರುತ್ತಿದೆ. ಆ ಕಾಲಿಗಾಗಿ ಅಣ್ಣನ ಬಟ್ಟಲಿಗೇ ಕೈ ಹಾಕುತ್ತಿದ್ದ ಹುಡುಗಿ, ನಾಳೆ ಅದನ್ನು ಅವನ ಎಲೆಗೇ ಬಡಿಸುತ್ತಾಳಂತೆ.