ಏಳು ಡಿಗ್ರಿ

ಹಡಗಿನಿಂದ
ಮಾರ್ಚ್ ೯, ಮಂಗಳವಾರ

ಪ್ರೀತಿಯ ಅಪ್ಪನಿಗೆ,

ನಿನ್ನ ಸಣ್ಣಿಯ ನಮಸ್ಕಾರ. ಮೂರು ವಾರದಿಂದ ಒಂದಕ್ಷರ ಬರೆಯಲಿಲ್ಲವೆಂದು ಅಮ್ಮ ಮುಖ ಊದಿಸಿಕೊಂಡಿರುತ್ತಾಳೆ. ಇಬ್ಬರೂ ಕ್ಷಮಿಸಿಬಿಡಿ. ಈ ಕಾಗದವನ್ನೇ ನಾಲ್ಕು ಸಲ ಶುರುಮಾಡಿ ಹರಿದಿದ್ದೇನೆ.

ನಾನು ಕ್ಷೇಮ. ಹಡಗೂ ಕ್ಷೇಮ, ಕೂದಲೆಳೆಯಲ್ಲಿ. ಹೋದ ಗುರುವಾರ ಕರೆಂಟಿನ ದಿಕ್ಸೂಚಿ ಕೈಕೊಟ್ಟಿತು. ಉಳಿದದ್ದು, ಮೂವತ್ತು ವರ್ಷ ಹಡಗಿಂದ ಹಡಗಿಗೆ ಹತ್ತಿಳಿದು ನೀನು ರಿಪೇರಿ ಮಾಡಿದಂಥ ಕಾಂತದ ದಿಕ್ಸೂಚಿ ಒಂದೇ. ಅದನ್ನು ನೋಡಿಕೊಳ್ಳುವುದು ಎರಡನೇ ಆಫೀಸರಾದ ನನ್ನ ಕೆಲಸ. ಮುಳ್ಳು ತೇಲುವ ಅದರ ಬಟ್ಟಲಲ್ಲಿ ಕಡಲೆಕಾಳಿನಷ್ಟು ಗಾಳಿಗುಳ್ಳೆ ಕೂತಿತ್ತು. ನೀನು ಕಲಿಸಿದಂತೆ ಓರೆಮಾಡಿ, ತಿರುಪು ಬಿಚ್ಚಿ, ಸ್ಪಿರಿಟ್ಟನ್ನು ತೊಟ್ಟುತೊಟ್ಟಾಗಿ ಬಿಟ್ಟೆ. "ಡಾಕ್ಟರಮ್ಮ, ರೋಗಿ ಬದುಕ್ತಾನಾ?" ಎಂದು ಚುಕ್ಕಾಣಿಯವನು ನಕ್ಕ. ನಾನೂ ನಕ್ಕೆ.

ಆಮೇಲೆ ಎರಡು ದಿನ ಮಂಜು. ಸೂರ್ಯನೇ ಇಲ್ಲ. ಯಾವ ದಿಕ್ಕಿನಲ್ಲಿ ಮುಳ್ಳು ಎಷ್ಟು ತಪ್ಪುತ್ತದೆಂದು ಹೇಳುವ ತಿದ್ದುಪಟ್ಟಿ ಪಕ್ಕದಲ್ಲೇ ಅಂಟಿಸಿದೆಯಲ್ಲ, ಅದರಲ್ಲಿ ನಮ್ಮ ದಿಕ್ಕಿಗೆ ಒಂದು ಡಿಗ್ರಿ ಎಂದಿತ್ತು. ಅದನ್ನೇ ನಂಬಿ ಹೊರಟೆವು. ಶನಿವಾರ ಬೆಳಿಗ್ಗೆ ನೀರಿನ ಆಳ ಇಳಿಯತೊಡಗಿತು. ನಲವತ್ತು ಮೀಟರ್, ಇಪ್ಪತ್ತೆರಡು, ಹನ್ನೊಂದು.

"ಕ್ಯಾಪ್ಟನ್, ಇಲ್ಲಿ ಇಷ್ಟು ಕಮ್ಮಿ ಇರಬಾರ್ದು!"

ಅವರು ತಕ್ಷಣ ಎಂಜಿನ್ ಹಿಂದಕ್ಕೆ ಕೊಟ್ಟರು. ಮಂಜು ಹರಿದಾಗ ಬಂಡೆ ಎದುರಿಗೇ ಇತ್ತು. ಅದರ ಮೇಲಿನ ಹಕ್ಕಿಗಳನ್ನು ಎಣಿಸಬಹುದಿತ್ತು.

ಬಿಸಿಲು ಬಿದ್ದ ಕೂಡಲೇ ಸೂರ್ಯನಿಗೆ ತಾಳೆ ನೋಡಿದೆ. ತಪ್ಪು ಒಂದಲ್ಲ, ಏಳು ಡಿಗ್ರಿ! ಹತ್ತಿರ ಎಲ್ಲಾದರೂ ಮುಳ್ಳನ್ನು ಎಳೆಯುವ ಕಬ್ಬಿಣ ಇದೆಯೇನೋ ಎಂದು ಚುಕ್ಕಾಣಿ ಕೋಣೆಯೆಲ್ಲ ಜಾಲಾಡಿದೆವು. ಪಾಪ, ಚುಕ್ಕಾಣಿಯವನು ಬೆಲ್ಟು ಬಿಚ್ಚಿಟ್ಟು ಪ್ಯಾಂಟು ಹಿಡಿದುಕೊಂಡು ನಿಂತ. ಏಳು ಏಳಾಗಿಯೇ ಉಳಿಯಿತು.

ಈಗ ಬಂದರಿನಲ್ಲಿದ್ದೇವೆ. ನಾಳೆ ವಿಚಾರಣೆ.

ಅಮ್ಮನ ಮಂಡಿನೋವು ಹೇಗಿದೆ? ನಿಮ್ಮ ಆಶೀರ್ವಾದ ನನ್ನ ಬೆನ್ನಿಗಿರಲಿ.

ನಿನ್ನ ಮಗಳು,
ಸಣ್ಣಿ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಆ ಪಟ್ಟಿ ನವೆಂಬರಿನಲ್ಲಿ ನೀನೇ ಬಂದು ತಯಾರಿಸಿ ಸಹಿ ಹಾಕಿದ್ದು. ಮುಳ್ಳಿನ ಗೀಟುಗಳನ್ನು ತಪ್ಪಾಗಿ ಓದಿದ್ದೀಯ. ಅವತ್ತು ಕಣ್ಣೆದುರಿಗೇ ಇದ್ದ ಪೆನ್ನನ್ನು ನೀನು ತಡವಿ ಹುಡುಕಿದ್ದು ನೋಡಿದೆ. "ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ" ಅಂದೆ ನೀನು. ನಾನು ನಂಬಲಿಲ್ಲ, ಆದರೂ ಬಾಯಿ ಮುಚ್ಚಿಕೊಂಡೆ. ನಾಳೆ ನಿನ್ನ ಹೆಸರು ಹೇಳುತ್ತೇನೆ. ನಾನು ಸುಮ್ಮನಿದ್ದದ್ದನ್ನೂ ಹೇಳುತ್ತೇನೆ.

ಅಮ್ಮಾ, ಇದನ್ನು ಅಪ್ಪನಿಗೆ ಓದಿ ಹೇಳುತ್ತಿರುವುದು ನೀನೇ ಎಂದು ಗೊತ್ತು. ಇಷ್ಟನ್ನು ಮಾತ್ರ ಹಾರಿಸಬೇಡ.