ನೆರಳುಹಾಸಿನ ಮುಂದಿನ ಮೂಲೆ

ಗಾಳಿಕೊಪ್ಪ
2171ನೇ ಇಸವಿ, ಜೂನ್ 7, ಸಂಜೆ ಆರೂವರೆ

ಕಲ್ಲವ್ವನವರಿಗೆ,

ಬೆಳಗಿನ ಮೂರರಿಂದ ಎಂಟರವರೆಗೆ ಬಟ್ಟೆ ಹೊಲಿದೆ. ಬಿಸಿಲಿನ ಹೊತ್ತು ಎಲ್ಲರಂತೆ ನೆಲಮನೆಯಲ್ಲಿ ಮಲಗಿದೆ. ನಾಲ್ಕಕ್ಕೆ ಎದ್ದು ಪಕ್ಕದ ಮನೆಯ ಸೋಮವ್ವನ ಹತ್ತಿರ ಹೋಗಿ ಬೈಸಿಕೊಂಡು ಬಂದೆ. ಇವತ್ತು ನಡೆದದ್ದು ಇಷ್ಟು.

ಮೇಲಿನ ತಾರೀಖು ಓದಿ ಬರೆದವಳಿಗೆ ತಲೆ ನೆಟ್ಟಗಿಲ್ಲ ಅಂದುಕೊಳ್ಳಬೇಡಿ. ತಾರೀಖು ಸರಿಯಾಗಿಯೇ ಇದೆ. ನಾನು ಫಕೀರವ್ವ, ನಿಮ್ಮ ಮೊಮ್ಮಗಳ ಮರಿಮಗಳು. ನನ್ನ ಕೆಲವು ಮಾತು ನಿಮಗೆ ಹೊಸದಾಗಿ ಕಂಡರೆ ಮನ್ನಿಸಬೇಕು. ಏಳನೆಯ ಇಯತ್ತೆವರೆಗೆ ಮಾತ್ರ ಓದಿದ್ದೇನೆ. ದಿನಾ ಸಂಜೆ ನಾಲ್ಕು ಸಾಲು ಬರೆದಿಡುವ ರೂಢಿ ಇದೆ. ಆ ಧೈರ್ಯದ ಮೇಲೆ ಈ ಪತ್ರ. ನನಗೀಗ ನಲವತ್ತೊಂದು. ಈ ಪತ್ರ ಮುಟ್ಟುವ ಹೊತ್ತಿಗೆ ನಿಮಗೆ ಇಪ್ಪತ್ತಾರು. ನನಗಿಂತ ಚಿಕ್ಕವರನ್ನು ಏನೆಂದು ಕರೆಯಲಿ? ಅವ್ವಾ ಎಂದೇ ಕರೆಯುತ್ತೇನೆ.

ಬಸುರಿಯಿದ್ದಾಗ ನಿಮಗೆ ಕೊಟ್ಟ ತಾಯಿ ಕಾರ್ಡು ನನ್ನ ಹತ್ತಿರ ಇದೆ. ಅಜ್ಜಿಯ ತಗಡಿನ ಟ್ರಂಕಿನ ತಳದಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದರು. ಅಂಚು ಪುಡಿಯಾಗಿದೆ, ಅಕ್ಷರ ಉಳಿದಿವೆ. ಮಗುವಿನ ಹೆಸರು ರೇಣುಕಾ. ಹುಟ್ಟಿದ ದಿನದ ಚುಚ್ಚುಮದ್ದು, ಒಂದೂವರೆ ತಿಂಗಳಿನದು, ಒಂಬತ್ತು ತಿಂಗಳಿನದು, ಒಂದೂವರೆ ವರ್ಷದ್ದು, ಎಲ್ಲದರ ಮುಂದೆ ತಾರೀಖು ಇದೆ. ಒಂದರ ಮೇಲೆ ಎಣ್ಣೆಯ ಬೆರಳಿನ ಗುರುತೂ ಇದೆ. ರೊಟ್ಟಿ ಬಡಿಯುತ್ತಿದ್ದವರು ಅರ್ಧಕ್ಕೆ ಎದ್ದು ಓಡಿ ಹೋಗಿದ್ದಿರೇನೋ. ಕೊನೆಯ ಚೌಕ ಮಾತ್ರ ಖಾಲಿ ಇದೆ. ಐದು ವರ್ಷ ತುಂಬಿದ ಮೇಲೆ, ಶಾಲೆಗೆ ಕಳಿಸುವ ಮುಂಚೆ ಹಾಕಿಸುವಂಥದ್ದು. ನೀವು ಹಾಕಿಸಿ ಬರೆಸಲು ಮರೆತಿರೋ, ಹಾಕಿಸಲೇ ಇಲ್ಲವೋ, ತಿಳಿಯುವ ದಾರಿ ನನಗಿಲ್ಲ. ನಾನು ರೇಣುಕಾಳ ಕಡೆಯಿಂದ ಬಂದವಳೋ, ಅವಳ ಬೆನ್ನಿಗೆ ಹುಟ್ಟಿದ ತಂಗಿಯ ಕಡೆಯಿಂದಲೋ, ಅದನ್ನು ಹೇಳುವವರೂ ಯಾರೂ ಉಳಿದಿಲ್ಲ.

ನಮ್ಮ ಊರು ಹಳೆಯ ಗಾಳಿಗಂಬಗಳ ಕೆಳಗೆ ಇದೆ. ನಿಮ್ಮ ಕಾಲದಲ್ಲಿ ಅವು ತಿರುಗುತ್ತಿದ್ದವಂತೆ. ಈಗ ಹದ್ದು ಕೂರುತ್ತವೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲಿಗೆ ಹೊರಗೆ ಕಾಲಿಡುವ ಹಾಗಿಲ್ಲ. ಪ್ರತಿ ಮನೆಯ ಕೆಳಗೂ ಒಂದು ಕೋಣೆ ಅಗೆದಿರುತ್ತೇವೆ, ಅದೇ ನೆಲಮನೆ. ಶಾಲೆ ನಸುಕಿನ ಐದಕ್ಕೆ ಶುರುವಾಗಿ ಒಂಬತ್ತೂವರೆಗೆ ಬಿಡುತ್ತದೆ. ಕೊನೆಯ ತಾಸು ಮಕ್ಕಳು ಅಂಗಳದಲ್ಲಿ ಕೂರುತ್ತಾರೆ. ಅವರ ತಲೆಯ ಮೇಲೆ ಕಟ್ಟುವ ದೊಡ್ಡ ಬಟ್ಟೆಗೆ ನೆರಳುಹಾಸು ಎನ್ನುತ್ತೇವೆ. ಶಾಲೆಗೆ ಹೊಸದಾಗಿ ಸೇರುವ ಪ್ರತಿ ಮಗುವಿನ ತಾಯಿ ತನ್ನ ಹಳೆಯ ಸೀರೆಯಿಂದ ಒಂದು ಮೊಳ ಕೊಡುತ್ತಾಳೆ. ಅದನ್ನು ಹಾಸಿಗೆ ಸೇರಿಸಿ ಹೊಲಿಯುವುದು ನನ್ನ ಕೆಲಸ. ಶಾಲೆ ತೆರೆಯುವ ದಿನ ಹೊಸ ಮಕ್ಕಳು ಅದರ ಮುಂದಿನ ಅಂಚನ್ನು ತಲೆಯ ಮೇಲೆ ಎತ್ತಿ ಹಿಡಿದು, ಕೆರೆಯ ಕಟ್ಟೆಯಿಂದ ಶಾಲೆಯ ಬಾಗಿಲವರೆಗೆ ನಡೆಯುತ್ತಾರೆ. ಉಳಿದ ಬಟ್ಟೆಯನ್ನು ಹಿಂದೆ ಊರೆಲ್ಲ ಹೊರುತ್ತದೆ. ಮುಂದಿನ ಮೂಲೆ ಒಬ್ಬರಿಗೇ ಸಿಗುತ್ತದೆ. ಎರಡೂ ಕೈ ಎತ್ತಿ ಹಿಡಿಯಬೇಕು, ಇಳಿಸುವಂತಿಲ್ಲ. ಮೂಲೆ ನೆಲಕ್ಕೆ ತಾಕಿದರೆ ಆ ಮನೆಯವರನ್ನು ವರ್ಷವಿಡೀ ಆಡಿಕೊಳ್ಳುತ್ತಾರೆ.

ನಾಲ್ಕು ವರ್ಷದ ಹಿಂದೆ ಆ ಮೂಲೆ ನನ್ನ ಮಗಳಿಗೆ ಸಿಕ್ಕಿತ್ತು. ಅವಳ ಹೆಸರು ನಿಂಬೆವ್ವ, ಕರೆಯುತ್ತಿದ್ದುದು ನಿಂಬಿ ಅಂತ. ಅಂಗಳದಲ್ಲಿ ಒಣಹಾಕಿದ ನನ್ನ ಸೀರೆಯ ಸೆರಗು ಎತ್ತಿ ಹಿಡಿದು ಅಭ್ಯಾಸ ಮಾಡುತ್ತಿದ್ದಳು. "ಅವ್ವಾ, ನೋಡು ಮತ್ತ, ನೆಲಕ್ಕ ತಾಕೇ ಇಲ್ಲ!" ಎಂದು ಕೂಗುವಳು. ನಾನು ಮಷಿನ್ನಿನಿಂದ ತಲೆ ಎತ್ತದೆ "ಹೂಂ, ನೋಡಿದೆ" ಅನ್ನುತ್ತಿದ್ದೆ. ನೋಡಿರುತ್ತಿರಲಿಲ್ಲ.

ಶಾಲೆ ತೆರೆಯಲು ಮೂರು ದಿನ ಇರುವಾಗ ನಮ್ಮಲ್ಲಿಗೆ ಸೂಜಿಯಕ್ಕ ಬರುತ್ತಾಳೆ. ಊರಿಂದ ಊರಿಗೆ ತಂಪುಪೆಟ್ಟಿಗೆ ಹೊತ್ತು ತಿರುಗಿ ಚುಚ್ಚುಮದ್ದು ಹಾಕುವವಳು. ಆ ವರ್ಷವೂ ಬಂದಳು. ನಾನು ಬಾಗಿಲಲ್ಲೇ ನಿಂತು ಹೇಳಿದೆ: "ಮೂಲಿ ಹಿಡಿಯೋಕಿ ಅದಾಳ್ರಿ ಅಕ್ಕಾರ. ತೋಳು ನೋಯ್ತದ, ಕೈ ಎತ್ತಾಕ ಬರಂಗಿಲ್ಲ. ಮುಂದಿನ ತಿಂಗಳ ಮತ್ತ ಬರ್ತೀರಲ್ಲ, ಆಗ ಹಾಕ್ರಿ."

ಸೂಜಿಯಕ್ಕ ಹೋಗಲಿಲ್ಲ. "ಫಕೀರವ್ವ, ಕೂಸಿದ್ದಾಗ ಹಾಕಿಸಿದ್ದರ ಬಲ ಇಳೀತಾ ಬಂದಿರತದ. ಸಾಲಿಯೊಳಗ ಹತ್ತು ಊರಿನ ಮಕ್ಕಳು ಒಂದ ಕಡೆ ಕೂಡತಾವ. ಮೊದಲ ಸೂಜಿ, ಆಮ್ಯಾಲೆ ಸಾಲಿ" ಅಂದಳು. ನಾನು ನಕ್ಕೆ. ಒಂದು ತಿಂಗಳಲ್ಲಿ ಏನಾದೀತು ಅಂದುಕೊಂಡೆ.

ನಿಂಬಿ ಮೂಲೆಯನ್ನು ಶಾಲೆಯ ಬಾಗಿಲವರೆಗೆ ಒಮ್ಮೆಯೂ ಇಳಿಸದೆ ಒಯ್ದಳು. ಇಪ್ಪತ್ತೆರಡನೆಯ ದಿನ ಗಂಟಲು ನೋವು ಅಂದಳು. ಹಾಡಿ ಕೂಗಿ ಆಗಿರಬೇಕೆಂದು ಅರಿಸಿನ ಹಾಕಿ ಹಾಲು ಕೊಟ್ಟೆ. ಮರುದಿನ ಕುತ್ತಿಗೆ ಊದಿತು. ಗಂಟಲುಮಾರಿ. ನಿಮ್ಮ ಕಾಲದಲ್ಲೂ ಇದಕ್ಕೆ ಇದೇ ಹೆಸರಿತ್ತಂತೆ. ಗಂಟಲೊಳಗೆ ಬೂದು ಬಣ್ಣದ ಪೊರೆ ಕಟ್ಟುತ್ತದೆ. ಔಷಧಿಯ ಗಾಡಿ ಮೂರನೆಯ ದಿನ ಸಂಜೆ ಬಂತು. ಅವಳು ಬೆಳಿಗ್ಗೆಯೇ ಹೋಗಿದ್ದಳು.

ಅವಳ ಸಾಲಿನಲ್ಲಿ ಕೂತಿದ್ದ ಹದಿನಾರು ಮಕ್ಕಳಿಗೆ ಏನೂ ಆಗಲಿಲ್ಲ. ಅವರಿಗೆ ಎರಡು ದಿನ ತೋಳು ನೋವಾಗಿತ್ತು, ಅಷ್ಟೇ.

ಅವಳ ಲಂಗ ಎತ್ತಿಡಲು ಟ್ರಂಕು ತೆರೆದಾಗಲೇ ನಿಮ್ಮ ಕಾರ್ಡು ಸಿಕ್ಕಿದ್ದು. ಆ ಖಾಲಿ ಚೌಕವನ್ನು ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ನಿಮ್ಮನ್ನು ದೂರಲು ಅಲ್ಲ. ನಾನು ಮಾಡಿದ್ದನ್ನೇ ಇನ್ನೊಬ್ಬ ತಾಯಿಯೂ ಮಾಡಿರಬಹುದಲ್ಲ ಎಂದು. ಮದುವೆ ಇತ್ತೋ, ಕಳೆ ತೆಗೆಯಲು ಹೋಗಿದ್ದಿರೋ, ಮಗು ಅತ್ತಿತೋ. ಎಲ್ಲ ಕಾರಣವೂ ಆ ದಿನಕ್ಕೆ ದೊಡ್ಡದಾಗಿಯೇ ಇರುತ್ತದೆ.

ಈ ವರ್ಷ ಮೂಲೆ ಸೋಮವ್ವನ ಮಗಳು ಗಂಗಿಗೆ ಬಂದಿದೆ. ಸೂಜಿ ಮುಂದಿನ ತಿಂಗಳು ನೋಡೋಣವೆಂದು ಸೋಮವ್ವ ಬಾವಿಕಟ್ಟೆಯಲ್ಲಿ ಅಂದದ್ದು ನನ್ನ ಕಿವಿಗೆ ಬಿತ್ತು. ಆವತ್ತಿನಿಂದ ನಸುಕಿಗೇ ಎದ್ದು ಹೊಲಿಯುತ್ತಿದ್ದೇನೆ. ಹಾಸಿನ ಮುಂದಿನ ಅಂಚನ್ನು ಉದ್ದಕ್ಕೂ ಮಡಚಿ ಹೊಲಿದೆ, ಒಳಗೆ ಬಿದಿರು ತೂರಿಸುವಷ್ಟು ಜಾಗ ಬಿಟ್ಟು. ಮೂಲೆಗೊಂದು ಲಾಡಿ ಕಟ್ಟಿದೆ. ಇವತ್ತು ಸಂಜೆ ಆ ಅಂಚನ್ನು ಹೆಗಲ ಮೇಲೆ ಹಾಕಿಕೊಂಡು, ಕೈಯಲ್ಲಿದ್ದ ಕತ್ತರಿಯನ್ನೂ ಇಡದೆ ಅವರ ಮನೆಗೆ ಹೋದೆ.

"ಏನವ್ವಾ, ಕತ್ತರಿ ಹಿಡಕೊಂಡ ಬಂದೀಯಲ್ಲ, ನನ್ನ ಮೂಗು ಕೊಯ್ಯಾಕೇನು?" ಅಂದಳು ಸೋಮವ್ವ. ವಿಷಯ ತಿಳಿದ ಮೇಲೆ ಮುಖ ಗಂಟಿಕ್ಕಿದಳು. "ನಿನ್ನ ಮಗಳು ಮೂಲಿ ಹಿಡದಾಗ ನಿನಗ ಸೂಜಿ ಬ್ಯಾಡಾಗಿತ್ತು. ನನ್ನ ಮಗಳ ಸರದಿ ಬಂದ ಕೂಡಲೆ ಶಾಣ್ಯಾಕಿ ಆದಿ?"

ಅವಳು ಅಂದದ್ದು ನಿಜವೇ. ಬಟ್ಟೆ ಹಾಸಿ ತೋರಿಸಿದೆ. "ಬಿದಿರು ದೊಡ್ಡವರು ಹೊರತಾರ. ಗಂಗಿ ಬಲಗೈಯಾಗ ಈ ಲಾಡಿ ಹಿಡದು ಮುಂದ ನಡದ್ರ ಸಾಕು. ಸೂಜಿ ಹಾಕಿಸ್ಕೊಂಡ ಎಡಗೈ ಎತ್ತೋ ಕೆಲಸಾನ ಇಲ್ಲ."

ಅವಳ ಮಾವ ಕಟ್ಟೆಯ ಮೇಲಿಂದಲೇ, "ಇದು ಮೂಲಿ ಹಿಡಿಯೋದಲ್ಲ ಬಿಡವಾ, ಎಮ್ಮಿ ಹಗ್ಗ ಹಿಡಿಯೋದು" ಅಂದರು. ಗಂಗಿಗೆ ಅದೇ ಹಿಡಿಸಿತು. ಲಾಡಿ ಎಳೆದು, "ಹೇ ಎಮ್ಮಿ, ನಡಿ ಸಾಲಿಗೆ!" ಎಂದು ಅಂಗಳವೆಲ್ಲ ಓಡಿದಳು. ಬಟ್ಟೆ ಅವಳ ಹಿಂದೆ ಬಿಚ್ಚಿಕೊಳ್ಳುತ್ತ ಹೋಯಿತು. ಹಸಿರು ತುಂಡೊಂದು ಸೋಮವ್ವನ ಕಾಲ ಹತ್ತಿರ ಬಂದು ನಿಂತಿತು. ನಿಂಬಿ ಸೆರಗು ಹಿಡಿದು ಅಭ್ಯಾಸ ಮಾಡಿದ ಸೀರೆಯದು.

ಸೋಮವ್ವ ಬಗ್ಗಿ ಅದನ್ನು ಮುಟ್ಟಿದಳು. "ಇದು ನಿಂಬಿದು, ಹೌದಿಲ್ಲೋ?"

"ಹೌದು" ಅಂದೆ.

ತುಂಡಿನ ಮೇಲಿನ ಧೂಳು ಕೊಡವಿ ಕೇಳಿದಳು: "ಎಷ್ಟಕ್ಕ ಬರ್ತಾಳ ಸೂಜಿಯಕ್ಕ?" ನಾನು ಹೇಳಿದೆ. "ನೀನೂ ಬಾ. ಅಕಿ ಅತ್ತರ ನನಗ ನೋಡಾಕ ಆಗಂಗಿಲ್ಲ."

ಅವ್ವಾ, ನಿಮ್ಮಲ್ಲೂ ಈಗ ಶಾಲೆ ತೆರೆಯುವ ಕಾಲ. ರೇಣುಕಾಳಿಗೆ ಹೊಸ ಚೀಲ ತಂದಿರಬಹುದು. ಕಾರ್ಡು ಗೂಡಿನಲ್ಲಿಯೋ, ಅಕ್ಕಿ ಡಬ್ಬಿಯ ಹಿಂದೆಯೋ ಇರುತ್ತದೆ. ಹುಡುಕಿ ತೆಗೆಯಿರಿ. ಆಶಾ ಕಾರ್ಯಕರ್ತೆ ಅಕ್ಕನಿಗೆ ತೋರಿಸಿ, ಯಾವುದು ಬಿಟ್ಟು ಹೋಗಿದೆ ಎಂದು ಕೇಳಿ. ಭಯವಿದ್ದರೆ ಅದನ್ನೂ ಕೇಳಿ. ಕೇಳಿದರೆ ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಸಂಜೆ ತೋಳು ಬಿಸಿಯಾಗಿ ಮಗು ಅತ್ತರೆ, ಮಗ್ಗುಲಲ್ಲಿ ಮಲಗಿಸಿಕೊಳ್ಳಿ. ಆ ಬಿಸಿ ಮುಟ್ಟಬೇಕೆಂದು ನನ್ನ ಕೈ ಇಂದಿಗೂ ಹುಡುಕುತ್ತದೆ. ನಿಮಗೆ ಅದು ಒಂದೆರಡು ದಿನದಲ್ಲಿ ಇಳಿದು ಮರೆತೇ ಹೋಗುತ್ತದೆ. ಮರೆತು ಹೋಗಲಿ. ಇಲ್ಲಿ ನನ್ನ ಹತ್ತಿರದ ಕಾರ್ಡಿನ ಆ ಖಾಲಿ ಚೌಕದಲ್ಲಿ ತಾರೀಖು ಮೂಡುವುದೇ ಇಲ್ಲವೆಂದು ನನಗೆ ಗೊತ್ತು, ಆದರೂ ಬೆಳಿಗ್ಗೆ ಎದ್ದು ಒಮ್ಮೆ ನೋಡುತ್ತೇನೆ.

ಸಾಕು, ಬೆಳಕು ಇಳಿಯುತ್ತಿದೆ. ನಾಳೆ ನಸುಕಿನ ನಾಲ್ಕೂವರೆಗೆ ಶಾಲೆಯ ಅಂಗಳಕ್ಕೆ ಸೂಜಿಯಕ್ಕ ಬರುತ್ತಾಳೆ. ಗಂಗಿಯ ಬಲಗೈ ನಾನು ಹಿಡಿದುಕೊಳ್ಳಬೇಕು.

ನಿಮ್ಮ
ಫಕೀರವ್ವ